ಒಂಬತ್ತು ಹಾಳೆ, ಎರಡು ಕಾಲ: ಡಚ್ ಪೋಲ್ಡರ್ ನಕ್ಷೆಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಬರುವ ಕುಟುಂಬ, ಹರಾಜು ಸಂಸ್ಥೆ, ಚೌಕಟ್ಟು ಹಾಕುವ ಅಂಗಡಿ, ದಾಖಲೆಗಳ ಭಂಡಾರ, ಇವುಗಳಲ್ಲಿ ಯಾವುದರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ನಕ್ಷೆಯಲ್ಲಿರುವ ಪೋಲ್ಡರಿನ (ಏರಿ ಕಟ್ಟಿ, ನೀರು ಬತ್ತಿಸಿ ಪಡೆದ ನೆಲದ) ಹೆಸರನ್ನೂ ಬಿಟ್ಟಿರುವುದಕ್ಕೆ ಕಾರಣವಿದೆ: ಇಂಥ ಗೋಡೆನಕ್ಷೆಗಳ ಪ್ರತಿಗಳು ಉಳಿದಿರುವುದೇ ಕಡಿಮೆಯಾದ್ದರಿಂದ, ಪೋಲ್ಡರ್ ಯಾವುದೆಂದು ಹೇಳಿದರೆ ಪ್ರತಿ ಯಾರ ಮನೆಯಲ್ಲಿದೆ ಎಂಬುದು ಬಲ್ಲವರಿಗೆ ತಿಳಿದುಬಿಡುತ್ತದೆ. ಅದು ಉತ್ತರ ಹಾಲೆಂಡಿನಲ್ಲಿ, 17ನೇ ಶತಮಾನದ ಮೊದಲರ್ಧದಲ್ಲಿ, ಸರೋವರವೊಂದನ್ನು ಬತ್ತಿಸಿ ಪಡೆದ ಸಾಗುವಳಿ ಭೂಮಿ ಎಂದಷ್ಟು ತಿಳಿದರೆ ಮುಂದಿನದನ್ನು ಅರ್ಥಮಾಡಿಕೊಳ್ಳಲು ಸಾಕು.

ಹಿನ್ನೆಲೆ

ಧಾರವಾಡದ ಕಡೆಯಿಂದ ಹೋಗಿ ನೆದರ್‌ಲ್ಯಾಂಡ್ಸಿನ ಹೂಫ್ದ್‌ಡಾರ್ಪ್‌ನಲ್ಲಿ ನೆಲೆಸಿರುವ ದಂಪತಿಗಳು ಈ ನಕ್ಷೆಯ ಮಾಲೀಕರು. ಇಬ್ಬರೂ ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದಾರೆ. ಅವರ ಮನೆ ನಿಂತಿರುವ ನೆಲವೂ ಒಂದು ಕಾಲಕ್ಕೆ ಸರೋವರದ ತಳವೇ ಆಗಿತ್ತು. ಸುಮಾರು 18,000 ಹೆಕ್ಟೇರ್ ವಿಸ್ತಾರದ ಹಾರ್ಲೆಮ್ಮರ್‌ಮೇರ್ ಸರೋವರವನ್ನು 1849ರಿಂದ 1852ರವರೆಗೆ ಮೂರು ಉಗಿಯಂತ್ರದ ನೀರೆತ್ತುವ ಕೇಂದ್ರಗಳಿಂದ ಬರಿದುಮಾಡಲಾಯಿತು. ಸ್ಕಿಪೋಲ್ ವಿಮಾನ ನಿಲ್ದಾಣವಿರುವುದೂ ಅದೇ ತಳದ ಮೇಲೆ. ಸಮುದ್ರಮಟ್ಟಕ್ಕಿಂತ ಕೆಳಗೆ ವಾಸಿಸುತ್ತಿದ್ದೇವೆ ಎಂಬ ಕುತೂಹಲವೇ ಈ ದಂಪತಿಗಳನ್ನು ಹಳೆಯ ನಕ್ಷೆಗಳತ್ತ ಎಳೆದಿತ್ತು. ಹಳೆಯ ತೋಟದ ಮನೆಯೊಂದರ ಸಾಮಾನುಗಳನ್ನು ವಿಲೇವಾರಿ ಮಾಡುವಾಗ, ಮರದ ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದ ಆಳೆತ್ತರದ ನಕ್ಷೆಯೊಂದನ್ನು ಅವರು ಕೊಂಡರು. ಅದು ತಾಮ್ರದ ತಗಡುಗಳಿಂದ ಅಚ್ಚು ಹಾಕಿದ ಒಂಬತ್ತು ಹಾಳೆಗಳನ್ನು ಜೋಡಿಸಿ, ಹಿಂದೆ ನಾರುಬಟ್ಟೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದದ್ದು. ಮೇಲಿನ ಆರು ಹಾಳೆಗಳಲ್ಲಿ ಪೋಲ್ಡರಿನ ಭೂಮಿ ಇತ್ತು. ಕೆಳಗಿನ ಮೂರು ಹಾಳೆಗಳ ಸಾಲಿನಲ್ಲಿ ಶೀರ್ಷಿಕೆ, ಅಳತೆಪಟ್ಟಿ, ಭೂಮಾಲೀಕರ ಕೋಷ್ಟಕ ಮತ್ತು ಲಾಂಛನಗಳು ಇದ್ದವು.

ಜಮೀನಿನ ನಕ್ಷೆಗೆ ಇಷ್ಟು ಅಲಂಕಾರ ಏಕೆ ಬಂತು ಎಂಬುದನ್ನು ತಿಳಿಯದೆ ಮುಂದಿನ ನಿರ್ಧಾರಗಳು ಅರ್ಥವಾಗುವುದಿಲ್ಲ. 1600ರ ಸುಮಾರಿಗೆ ಆಮ್‌ಸ್ಟರ್‌ಡಾಮಿನ ಉತ್ತರಕ್ಕೆ ದೊಡ್ಡ ಸರೋವರಗಳಿದ್ದವು. ಬಿರುಗಾಳಿ ಎದ್ದಾಗಲೆಲ್ಲ ಅವು ದಡದ ಮಣ್ಣನ್ನು ತಿನ್ನುತ್ತ ಅಗಲವಾಗುತ್ತಿದ್ದವು. ಅದೇ ಹೊತ್ತಿಗೆ ನಗರದ ವರ್ತಕರ ಕೈಯಲ್ಲಿ ಕಡಲ ವ್ಯಾಪಾರದ ಹಣ ಓಡಾಡುತ್ತಿತ್ತು, ಧಾನ್ಯದ ಬೆಲೆಯೂ ಏರಿತ್ತು. ಬೇಮ್‌ಸ್ಟರ್ ಸರೋವರವನ್ನು ಬತ್ತಿಸಲು 1607ರಲ್ಲಿ ಹಾಲೆಂಡ್ ಪ್ರಾಂತದ ಆಡಳಿತ ಸಭೆಯಿಂದ ಅನುಮತಿ ಪಡೆದ ಹೂಡಿಕೆದಾರರಲ್ಲಿ ಡಿರ್ಕ್ ವಾನ್ ಓಸ್ ಪ್ರಮುಖನಾಗಿದ್ದ. ಈತ 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸ್ಥಾಪಕರಲ್ಲೂ ಒಬ್ಬ. (ಅದೇ ಕಂಪನಿ ಮುಂದೆ ಅದೇ ಶತಮಾನದಲ್ಲಿ ನಮ್ಮ ಕರಾವಳಿಯ ಬಸರೂರಿನಲ್ಲೂ ವ್ಯಾಪಾರದ ಕೋಠಿ ಇಟ್ಟಿತ್ತು.) ಸರೋವರದ ಸುತ್ತ ಏರಿ ಕಟ್ಟಿ, ಏರಿಯ ಹೊರಗೆ ಸುತ್ತುಕಾಲುವೆ ತೋಡಿ, ಗಾಳಿಯಂತ್ರಗಳಿಂದ ನೀರನ್ನು ಆ ಕಾಲುವೆಗೆ ಎತ್ತಿಹಾಕುವುದು ಕೆಲಸದ ಕ್ರಮ. ಒಂದು ಯಂತ್ರದ ಚಕ್ರವು ನೀರನ್ನು ಸುಮಾರು ಒಂದೂವರೆ ಮೀಟರಿಗಿಂತ ಮೇಲೆ ಎತ್ತಲಾರದ ಕಾರಣ, ಆಳವಿದ್ದಲ್ಲಿ ಒಂದರ ಮುಂದೆ ಒಂದರಂತೆ ಯಂತ್ರಗಳನ್ನು ಮೆಟ್ಟಿಲುಮೆಟ್ಟಿಲಾಗಿ ನಿಲ್ಲಿಸಬೇಕಾಗುತ್ತಿತ್ತು. ಯಾನ್ ಆಡ್ರಿಯಾನ್ಸ್‌ಝೋನ್ ಲೇಖ್‌ವಾಟರ್ ಎಂಬ ಯಂತ್ರಶಿಲ್ಪಿಯ ಹೆಸರು ಈ ಕೆಲಸದೊಂದಿಗೆ ಉಳಿದುಬಂದಿದೆ. 1610ರ ಬಿರುಗಾಳಿಯಲ್ಲಿ ಏರಿ ಒಡೆದು ಅರ್ಧ ಒಣಗಿದ್ದ ನೆಲ ಮತ್ತೆ ಮುಳುಗಿತು. 40ಕ್ಕೂ ಹೆಚ್ಚು ಗಾಳಿಯಂತ್ರಗಳು ದುಡಿದ ಮೇಲೆ 1612ರಲ್ಲಿ ಸುಮಾರು 7,000 ಹೆಕ್ಟೇರ್ ಭೂಮಿ ಕೈಗೆ ಬಂತು. ಪರ್ಮರ್ 1622ರಲ್ಲಿ, ವಾರ್ಮರ್ 1626ರಲ್ಲಿ, ಸ್ಕೆರ್ಮರ್ 1635ರಲ್ಲಿ ಒಣಗಿದವು.

ಹೀಗೆ ಬಂದ ನೆಲಕ್ಕೆ ಹಳೆಯ ಹದ್ದುಬಸ್ತು ಎಂಬುದೇ ಇರಲಿಲ್ಲ. ಮೋಜಣಿದಾರರು ಗೆರೆ ಹಾಕಿದ್ದೇ ರಸ್ತೆ, ಗೆರೆ ಹಾಕಿದ್ದೇ ಕಾಲುವೆ. ಬೇಮ್‌ಸ್ಟರಿನಲ್ಲಿ ಒಂದು ಹಿಡುವಳಿ ಸುಮಾರು 180 ಮೀಟರ್ ಅಗಲ, 900 ಮೀಟರ್ ಉದ್ದ. ಹಣ ಹೂಡಿದವರು ಚೀಟಿ ಎತ್ತಿ ತಮ್ಮ ಪಾಲು ಪಡೆದರು. ಆದ್ದರಿಂದ ಪೋಲ್ಡರಿನ ನಕ್ಷೆ ಎರಡು ಕೆಲಸ ಮಾಡಬೇಕಿತ್ತು. ಒಂದು, ಯಾವ ನಂಬರಿನ ತುಂಡು ಯಾರದು, ಅದರ ವಿಸ್ತೀರ್ಣ ಎಷ್ಟು ಎಂಬ ಲೆಕ್ಕ ಇಡುವುದು. ಎರಡು, ಹಣ ಹೂಡಿದವರ ಪ್ರತಿಷ್ಠೆಯನ್ನು ಅವರ ಗೋಡೆಯ ಮೇಲೆ ತೂಗುಹಾಕುವುದು. ಪೋಲ್ಡರಿನ ಏರಿ, ಕಾಲುವೆಗಳನ್ನು ನೋಡಿಕೊಳ್ಳುವ ಮಂಡಳಿಯ ಅಧ್ಯಕ್ಷನಾದ ಡೈಕ್‌ಗ್ರಾಫ್ ಮತ್ತು ಸದಸ್ಯರಾದ ಹೇಮ್‌ರಾಡರ ವಂಶಲಾಂಛನಗಳು ಅಂಚಿನಲ್ಲಿ ಸಾಲುಗಟ್ಟಿದವು. ಶೀರ್ಷಿಕೆಯ ಸುತ್ತ ಹಸು, ಬೆಣ್ಣೆ ಕಡೆಯುವ ಹೆಂಗಸರು, ಜಲದೇವತೆಗಳು, ಸರಪಳಿ ಹಿಡಿದ ಮೋಜಣಿದಾರರು ಬಂದು ನಿಂತರು.

ತಗಡನ್ನು ಬೇಕಾದಷ್ಟು ದೊಡ್ಡದಾಗಿ ಮಾಡಲು ಆಗದ ಕಾರಣ ದೊಡ್ಡ ನಕ್ಷೆಯನ್ನು ತುಂಡುಗಳಲ್ಲಿ ಕೊರೆಯುತ್ತಿದ್ದರು. ರೈನ್‌ಲ್ಯಾಂಡ್ ಜಲಮಂಡಳಿಯ 1647ರ ನಕ್ಷೆಗೆ 12 ಹಾಳೆ. ಡೆಲ್ಫ್‌ಲ್ಯಾಂಡ್ ಮಂಡಳಿಗಾಗಿ ಕ್ರೂಕಿಯಸ್ ಸಹೋದರರು 1712ರಲ್ಲಿ ಮುಗಿಸಿದ ನಕ್ಷೆಗೆ 25 ಹಾಳೆ. ಕೊರೆದ ತಗಡುಗಳು ಮಂಡಳಿಯ ಆಸ್ತಿಯಾಗಿ ಉಳಿಯುತ್ತಿದ್ದವು. ಬೇಕಾದಾಗ ಹೊರತೆಗೆದು, ಬದಲಾದದ್ದನ್ನು ತಿದ್ದಿ, ಮತ್ತೆ ಅಚ್ಚು ಹಾಕಬಹುದಿತ್ತು. ರೈನ್‌ಲ್ಯಾಂಡಿನ ನಕ್ಷೆಯೇ 1687ರಲ್ಲಿ, ಮುಂದೆ 1746ರಲ್ಲಿ ಹೊಸ ಆವೃತ್ತಿಗಳನ್ನು ಕಂಡಿತು. ನಮ್ಮ ಪ್ರಕರಣದ ತಿರುಳು ಇರುವುದು ಈ ಪದ್ಧತಿಯಲ್ಲಿ. ತಗಡಿನ ಮೇಲೆ ಕೊರೆದ ಇಸವಿ ತಗಡು ಹುಟ್ಟಿದ ಕಾಲವನ್ನು ಹೇಳುತ್ತದೆ. ಹಾಳೆ ಅಚ್ಚಾದ ಕಾಲವನ್ನು ಅದು ಹೇಳಲೇಬೇಕೆಂದಿಲ್ಲ.

ಎದುರಾದ ಸಮಸ್ಯೆ

ನಕ್ಷೆ ಮನೆಗೆ ಬಂದ ಮೇಲೆ ಅದರ ಬಗ್ಗೆ ಎರಡು ಸಲಹೆಗಳು ಬಂದವು, ಎರಡೂ ಆತುರದವು. ಫೋಟೋ ನೋಡಿದ ಹರಾಜು ಸಂಸ್ಥೆ ಶೀರ್ಷಿಕೆಯಲ್ಲಿದ್ದ 17ನೇ ಶತಮಾನದ ಇಸವಿಯನ್ನೇ ಆಧಾರವಾಗಿಟ್ಟು, ಮೊದಲ ಆವೃತ್ತಿಯ ಬಣ್ಣದ ಪ್ರತಿ ಎಂದು ಆಕರ್ಷಕವಾದ ಅಂದಾಜು ಬೆಲೆ ಕಳಿಸಿತು. ಚೌಕಟ್ಟು ಹಾಕುವ ಅಂಗಡಿಯವರು, ಕಂದಿದ ವಾರ್ನಿಷ್ ತೆಗೆದು, ಬಟ್ಟೆಯಿಂದ ಬಿಡಿಸಿ, ನೀರಿನಲ್ಲಿ ತೊಳೆದು, ಬಿಳುಪುಗೊಳಿಸಿ, ಹರಿದ ಅಂಚನ್ನು ನೇರಕ್ಕೆ ಕತ್ತರಿಸಿ, ಮಾಸಿದ ಬಣ್ಣವನ್ನು ತುಂಬಿಕೊಟ್ಟರೆ ಹರಾಜಿನಲ್ಲಿ ಇನ್ನೂ ಹೆಚ್ಚು ಬೆಲೆ ಬರುತ್ತದೆ ಎಂದರು. ಗಂಡನಿಗೆ ಮಾರುವ ಮನಸ್ಸಿತ್ತು. ಹೆಂಡತಿಗೆ ಮಾರುವುದರ ಬಗ್ಗೆ ತಕರಾರಿರಲಿಲ್ಲ, ಆದರೆ ತೊಳೆಯುವ ಮಾತು ಹಿಡಿಸಲಿಲ್ಲ. ಏರಿಯ ಉದ್ದಕ್ಕೂ ಬಳಿದಿದ್ದ ಹಸಿರು ಬಣ್ಣದ ಪಟ್ಟಿಯ ಮೇಲೆ ಕಾಗದ ಕಂದುಗಟ್ಟಿ ಬಿರುಕು ಬಿಟ್ಟಿರುವುದನ್ನು ಅವರು ಗಮನಿಸಿದ್ದರು. ಒಣಗಿದ್ದಾಗಲೇ ಹೀಗಿರುವ ಕಾಗದ ನೀರಿನಲ್ಲಿ ನೆನೆದರೆ ಏನಾದೀತು ಎಂಬ ಅವರ ಪ್ರಶ್ನೆ ಕಾಗದ ಸಂರಕ್ಷಣೆಯ ಕೆಲಸ ಮಾಡುವ ನನ್ನವರೆಗೆ ಬಂತು.

ಹೀಗಾಗಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡಾಗಿದ್ದವು: ಈ ವಸ್ತು ನಿಜಕ್ಕೂ ಏನು, ಮತ್ತು ಅದಕ್ಕೆ ಏನು ಮಾಡಬಹುದು. ಮೊದಲನೆಯದು ತೀರ್ಮಾನವಾಗುವವರೆಗೆ ಎರಡನೆಯದಕ್ಕೆ ಕೈಹಾಕುವುದಿಲ್ಲ ಎಂಬ ಒಪ್ಪಂದದ ಮೇಲೆ ಕೆಲಸ ಶುರುವಾಯಿತು. ಹರಾಜಿನ ಗಡುವು ಆ ಒಪ್ಪಂದಕ್ಕೆ ಅಡ್ಡ ಬರುತ್ತಿತ್ತು. ಗಂಡ ಆ ಹರಾಜನ್ನು ಬಿಟ್ಟುಬಿಡಲು ಒಪ್ಪಿದ್ದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ.

ಪರಿಶೀಲನೆ

ಮೊದಲು ಖಾತ್ರಿಯಾಗಬೇಕಾದದ್ದು ಇದು ತಾಮ್ರದ ಅಚ್ಚೋ, ಅದರ ನಕಲೋ ಎಂಬುದು. ಆಧುನಿಕ ಆಫ್‌ಸೆಟ್ ನಕಲಾದರೆ ಭೂತಗನ್ನಡಿಯ ಕೆಳಗೆ ಚುಕ್ಕಿಗಳ ಜಾಲ ಕಾಣುತ್ತದೆ. ಇಲ್ಲಿ ಕಂಡದ್ದು ತುದಿಯಲ್ಲಿ ಸೂಜಿಯಂತೆ ಮೊನಚಾಗಿ ಮುಗಿಯುವ, ನಡುವೆ ದಪ್ಪವಾಗುವ ಗೆರೆಗಳು. ಉಳಿಯನ್ನು ತಾಮ್ರದಲ್ಲಿ ಒತ್ತಿ ತಳ್ಳಿದಾಗ ಮಾತ್ರ ಇಂಥ ಗೆರೆ ಬೀಳುತ್ತದೆ. ಓರೆಬೆಳಕಿನಲ್ಲಿ ಮಸಿ ಕಾಗದದಿಂದ ಕೂದಲೆಳೆಯಷ್ಟು ಎದ್ದುನಿಂತಿದ್ದೂ ಕಾಣುತ್ತಿತ್ತು. ಹಾಗಾಗಿ ಅಚ್ಚು ಅಸಲಿ. ಯಾವ ಕಾಲದ ಅಚ್ಚು ಎನ್ನಲು ಸಾಮಾನ್ಯವಾಗಿ ಕಾಗದವನ್ನು ಬೆಳಕಿಗೆ ಹಿಡಿದು, ಅದರಲ್ಲಿನ ತಂತಿಜಾಲದ ಗೆರೆ ಮತ್ತು ನೀರ್ಗುರುತು ನೋಡುತ್ತೇವೆ. ಇಲ್ಲಿ ಹಿಂದಿನ ಬಟ್ಟೆ ಮತ್ತು ಮುಂದಿನ ಕಂದು ವಾರ್ನಿಷ್ ಸೇರಿ ಆ ದಾರಿಯನ್ನು ಮುಚ್ಚಿದ್ದವು. ಬಟ್ಟೆ ಬಿಡಿಸಿದರೆ ಉತ್ತರ ಸಿಗಬಹುದಿತ್ತು. ಆದರೆ ಉತ್ತರಕ್ಕಾಗಿ ವಸ್ತುವನ್ನೇ ಬಿಚ್ಚುವುದು ಕಡೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ.

ಮುಂದಿನ ಸುಳಿವು ನನ್ನಿಂದ ಬಂದದ್ದಲ್ಲ. ಆ ದಿನಗಳಲ್ಲಿ ಗಂಡನ ತಂದೆ ಊರಿನಿಂದ ಬಂದಿದ್ದರು. ಅವರು ಸರ್ವೆ ಇಲಾಖೆಯಲ್ಲಿ ಮೋಜಣಿದಾರರಾಗಿದ್ದು ನಿವೃತ್ತರಾದವರು. ಲಾಂಛನ, ದೇವತೆ, ಹಸುಗಳತ್ತ ಅವರು ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಕೆಳಗಿನ ಕೋಷ್ಟಕದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕೋಷ್ಟಕದಲ್ಲಿ ತುಂಡಿನ ನಂಬರು, ಹಿಡುವಳಿದಾರನ ಹೆಸರು, ಮೊರ್ಗೆನ್, ರೂಡೆ ಎಂಬ ನಾಲ್ಕು ಕಲಂಗಳಿದ್ದವು. ನಮ್ಮಲ್ಲಿ ಎಕರೆಗೆ 40 ಗುಂಟೆ ಇರುವಂತೆ ಅಲ್ಲಿ ಒಂದು ಮೊರ್ಗೆನ್‌ಗೆ 600 ಚದರ ರೂಡೆ; ರೈನ್‌ಲ್ಯಾಂಡ್ ಅಳತೆಯಲ್ಲಿ ಒಂದು ರೂಡೆ ಸುಮಾರು 3.77 ಮೀಟರ್, ಒಂದು ಮೊರ್ಗೆನ್ ಸುಮಾರು 0.85 ಹೆಕ್ಟೇರ್. ಅಷ್ಟನ್ನು ಕೇಳಿ ತಿಳಿದುಕೊಂಡು ಅವರು ಕಾಗದದ ಮೇಲೆ ಕೂಡುತ್ತ ಹೋದರು. "ಮಾವಾರ, ನಿಮಗ ಡಚ್ ಬರೂದಿಲ್ಲಲ್ಲ" ಎಂದು ಸೊಸೆ ನಕ್ಕರೆ, "ಅಂಕಿ ಓದಾಕ ಭಾಷಾ ಯಾಕ ಬೇಕವಾ" ಎಂದರು.

ಸಂಜೆಯ ಹೊತ್ತಿಗೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೇನೆ: "ಕೂಡಿಕಿ ಬರೋಬ್ಬರಿ ಐತ್ರಿ. ಆದ್ರ ಈ ಪಟ್ಟಿ ಈ ನಕಾಶೆದ್ದಲ್ಲ. ಪಟ್ಟಿಯೊಳಗ ಪೋಡಿ ಆಗೇತಿ, ನಕಾಶೆದಾಗ ಇನ್ನೂ ಆಗಿಲ್ಲ." ಕೋಷ್ಟಕದ ಮೊತ್ತ ಅದರ ಕೊನೆಯಲ್ಲಿ ಅಚ್ಚಾಗಿದ್ದ ಮೊತ್ತಕ್ಕೆ ಸರಿಯಾಗಿ ತಾಳೆಯಾಗುತ್ತಿತ್ತು. ಆದರೆ ಕೋಷ್ಟಕದಲ್ಲಿ ಕೆಲವು ನಂಬರುಗಳು ಎ, ಬಿ ಎಂದು ಎರಡಾಗಿ ಒಡೆದಿದ್ದವು. ನಕ್ಷೆಯಲ್ಲಿ ಅದೇ ನಂಬರಿನ ತುಂಡುಗಳು ಇಡಿಯಾಗಿದ್ದವು, ನಡುವೆ ಗೆರೆಯೇ ಇರಲಿಲ್ಲ. ಸುತ್ತುಕಾಲುವೆಯ ಪಕ್ಕದ ಎರಡು ತುಂಡುಗಳು ನಕ್ಷೆಯಲ್ಲಿ ಬೇರೆಬೇರೆ ನಂಬರು ಹೊತ್ತಿದ್ದರೆ, ಕೋಷ್ಟಕದಲ್ಲಿ ಒಂದಾಗಿದ್ದವು. ಕೊರೆಯುವವನು ಒಂದು ಕಡೆ ತಪ್ಪಬಹುದು. ಇಷ್ಟು ಕಡೆ, ಒಂದೇ ದಿಕ್ಕಿನಲ್ಲಿ ತಪ್ಪಲಾರ. ಕೋಷ್ಟಕವು ನಕ್ಷೆಗಿಂತ ತಡವಾದ ಕಾಲದ ಹಿಡುವಳಿಯನ್ನು ಹೇಳುತ್ತಿತ್ತು.

ಆಮೇಲೆ ಭೂತಗನ್ನಡಿ ಲಾಂಛನಗಳ ಮೇಲೆ ಹೋಯಿತು. ಮೇಲಿನ ಆರು ಹಾಳೆಗಳ ಬದಿಯ ಅಂಚಿನಲ್ಲೂ ಗುರಾಣಿಗಳಿದ್ದವು, ಕೆಳಗಿನ ಸಾಲಿನಲ್ಲೂ ಇದ್ದವು. ಮೇಲಿನವುಗಳ ನೆಲ ಶುಭ್ರವಾಗಿತ್ತು, ಎರಡು ಗುರಾಣಿಗಳಂತೂ ಖಾಲಿಯಾಗಿಯೇ ಉಳಿದಿದ್ದವು. ಕೆಳಗಿನ ಸಾಲಿನ ಒಂದು ಗುರಾಣಿಯಲ್ಲಿ ಮೂರು ಹಕ್ಕಿಗಳ ಲಾಂಛನವಿತ್ತು. ನಡುವಿನ ಹಕ್ಕಿಯ ಕಾಲ ಬಳಿ, ಹಕ್ಕಿಗೆ ಸಂಬಂಧವೇ ಇಲ್ಲದ ಒಂದು ಬಳುಕುಗೆರೆ, ಅದರ ತುದಿಗೊಂದು ಕುಚ್ಚು, ಬಹಳ ತೆಳುವಾಗಿ ಕಾಣಿಸಿತು. ಅದು ಸಿಂಹದ ಬಾಲ. ತಾಮ್ರದ ಮೇಲಿನ ಹಳೆಯ ಚಿತ್ರವನ್ನು ಅಳಿಸಬೇಕಾದರೆ ಕೊರೆದ ಜಾಗವನ್ನು ಕೆರೆದು, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ಬಡಿದು ತಗ್ಗನ್ನು ಮಟ್ಟಮಾಡಿ, ಉಜ್ಜಿ ನಯಗೊಳಿಸಿ, ಅದರ ಮೇಲೆ ಹೊಸದನ್ನು ಕೊರೆಯುತ್ತಿದ್ದರು. ಆಳವಾದ ಗೆರೆಯೊಂದು ಪೂರ್ತಿ ಅಳಿಯದೆ ಉಳಿದರೆ ಅದೂ ಒಂದಷ್ಟು ಮಸಿ ಹಿಡಿದು ಅಚ್ಚಿನಲ್ಲಿ ಮೂಡುತ್ತದೆ. ಮಂಡಳಿಯಲ್ಲಿ ಸಿಂಹದ ಮನೆತನದವನ ಜಾಗಕ್ಕೆ ಹಕ್ಕಿಯ ಮನೆತನದವನು ಬಂದಿದ್ದ. ತಗಡು ಹಾಗೆಯೇ ಉಳಿದು, ಲಾಂಛನ ಮಾತ್ರ ಬದಲಾಗಿತ್ತು. ಮಂಡಳಿಗಳ ಸದಸ್ಯರ ಪಟ್ಟಿ ದಾಖಲೆಗಳ ಭಂಡಾರದಲ್ಲಿ ಸಿಗುವಂಥದ್ದು. ಅದರೊಂದಿಗೆ ಹೋಲಿಸಿದಾಗ ಕೆಳಗಿನ ಸಾಲಿನ ಲಾಂಛನಗಳು 18ನೇ ಶತಮಾನದ ಮಂಡಳಿಗೂ, ಮೇಲಿನವು ಶೀರ್ಷಿಕೆಯ ಇಸವಿಗೆ ಹತ್ತಿರದ ಮಂಡಳಿಗೂ ಹೊಂದಿದವು.

ಇಲ್ಲೊಂದು ವಿಚಿತ್ರವಿದೆ. ಹರಾಜು ಸಂಸ್ಥೆ ನೆಚ್ಚಿಕೊಂಡಿದ್ದ ಇಸವಿ ಇದ್ದದ್ದು ಶೀರ್ಷಿಕೆಯಲ್ಲಿ, ಶೀರ್ಷಿಕೆ ಇದ್ದದ್ದು ತಡವಾಗಿ ಅಚ್ಚಾದ ಕೆಳಗಿನ ಸಾಲಿನಲ್ಲಿ. ಲಾಂಛನ ತಿದ್ದಿದವರು ಇಸವಿಯನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಮೇಲಿನ ಆರು ಹಾಳೆಗಳು ನಿಜಕ್ಕೂ ಹಳೆಯವು, ಆದರೆ ಅವು ಹಳೆಯವೆಂದು ಹೇಳುತ್ತಿದ್ದ ಸಾಲು ಹಳೆಯದಲ್ಲ.

ಗೊತ್ತಾದ ಮೇಲೆ ಉಳಿದ ಗುರುತುಗಳು ತಾವಾಗಿಯೇ ಕಣ್ಣಿಗೆ ಬೀಳತೊಡಗಿದವು. ಕಾಗದವನ್ನು ಒದ್ದೆಮಾಡಿ ಅಚ್ಚು ಹಾಕುವುದರಿಂದ ಒಣಗುವಾಗ ಅದು ಕುಗ್ಗುತ್ತದೆ, ಬೇರೆಬೇರೆ ಕಾಗದ ಬೇರೆಬೇರೆ ಪ್ರಮಾಣದಲ್ಲಿ. ಮೇಲಿನ ಹಾಳೆಗಳು ತಮ್ಮತಮ್ಮಲ್ಲಿ ಚೆನ್ನಾಗಿ ಕೂಡಿಕೊಂಡಿದ್ದರೂ ಕೆಳಗಿನ ಸಾಲಿಗೆ ಸೇರುವಲ್ಲಿ ಸುತ್ತುಕಾಲುವೆಯ ಗೆರೆ ಮುರಿದಿತ್ತು. ಕೆಳಗಿನ ಸಾಲಿನ ಸೂಕ್ಷ್ಮ ಗೆರೆಗಳು ಬೂದುಬಣ್ಣಕ್ಕೆ ತಿರುಗಿದ್ದವು, ತಗಡು ಸವೆದಿತ್ತೆಂಬುದಕ್ಕೆ ಅದು ಸಾಕ್ಷಿ. ಬಣ್ಣವೂ ಎರಡು ಬಗೆಯದು: ಮೇಲಿನ ಹಾಳೆಗಳ ಹಸಿರು ಕಾಗದವನ್ನು ಕಂದುಗಟ್ಟಿಸಿ ಸುಟ್ಟಿತ್ತು, ಕೆಳಗಿನ ಸಾಲಿನ ಅಂಚಿನ ಹಸಿರು ನೋಡಲು ಹಾಗೆಯೇ ಇದ್ದರೂ ಅದರ ಸುತ್ತ ಕಾಗದ ಹಸನಾಗಿತ್ತು. ಮೊದಲನೆಯದು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದ ಹಳೆಯ ಹಸಿರು. ಎರಡನೆಯದನ್ನು ಯಾರೋ ಈಚೆಗೆ, ಹೊಂದಿಕೆಯಾಗಲೆಂದು ಬಳಿದದ್ದು.

ಪ್ರಯತ್ನಿಸಿದ್ದು, ಕೈಬಿಟ್ಟದ್ದು

ಈ ಹಂತದಲ್ಲಿ ಹೊಸ ಸಲಹೆಯೊಂದು ಹುಟ್ಟಿತು. ಕೆಳಗಿನ ಸಾಲನ್ನು ಕಳಚಿ, ಆರು ಹಾಳೆಗಳನ್ನಷ್ಟೇ ಅಪೂರ್ಣವಾದ ಮೊದಲ ಆವೃತ್ತಿಯೆಂದು ಪ್ರಾಮಾಣಿಕವಾಗಿ ಮಾರಿದರೆ, ಬೆರಕೆ ಪ್ರತಿಗಿಂತ ಹೆಚ್ಚು ಬೆಲೆ ಬರಬಹುದು ಎಂದು ವ್ಯಾಪಾರಿಯೊಬ್ಬರು ಹೇಳಿದರು. ಇದನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಎರಡು ಕಾಲದ ವಸ್ತುಗಳು ಆಕಸ್ಮಿಕವಾಗಿ ಅಂಟಿಕೊಂಡಿದ್ದರೆ ಅವನ್ನು ಬೇರೆಮಾಡುವುದರಲ್ಲಿ ತಪ್ಪೇನಿಲ್ಲ. ಆದ್ದರಿಂದ ಜೋಡಣೆ ಯಾವಾಗಿನದು ಎಂಬುದೇ ಮುಖ್ಯವಾಯಿತು. ಈಚಿನ ವ್ಯಾಪಾರಿಯೊಬ್ಬ ಮಾರಾಟಕ್ಕೆಂದು ಜೋಡಿಸಿದ್ದೇ, ಅಥವಾ ಬಹಳ ಹಿಂದೆಯೇ ಯಾರೋ ಬಳಸಲೆಂದು ಜೋಡಿಸಿದ್ದೇ?

ಉತ್ತರ ಸಿಕ್ಕಿದ್ದು ಚೌಕಟ್ಟಿನ ಅಂಗಡಿಯವರು ಕತ್ತರಿಸಬೇಕೆಂದಿದ್ದ ಜಾಗದಲ್ಲಿ ಮತ್ತು ಅವರು ತೊಳೆಯಬೇಕೆಂದಿದ್ದ ಮೈಮೇಲೆ. ಓರೆಬೆಳಕಿನಲ್ಲಿ ಸೀಸದಕಡ್ಡಿಯ ಬರಹ ಮಿಂಚಿತು. ತುಂಡುಗಳ ಗುಂಪುಗಳನ್ನು ಗೆರೆಯಿಂದ ಸುತ್ತಿ, ಪಕ್ಕದಲ್ಲಿ ಭೂದಾಖಲೆಯ ವಿಭಾಗದ ಅಕ್ಷರಗಳನ್ನು ಬರೆದಿದ್ದರು. ಕಾಲುವೆಗಳ ಹೂಳು ತೆಗೆಸುವ ಸರದಿಯಂತೆ ಕಾಣುವ ಗುರುತುಗಳು ಅಂಚಿನಲ್ಲಿದ್ದವು. ನೆದರ್‌ಲ್ಯಾಂಡ್ಸಿನ ಭೂದಾಖಲೆ ವ್ಯವಸ್ಥೆಯಾದ ಕಡಾಸ್ಟರ್ ಜಾರಿಗೆ ಬಂದದ್ದು 1832ರಲ್ಲಿ, ಆದ್ದರಿಂದ ಈ ಬರಹ ಅದರ ನಂತರದ್ದು. ಬಹುಮುಖ್ಯವಾಗಿ, ಆ ಸೀಸದ ಗೆರೆಗಳಲ್ಲಿ ಒಂದು ಮೇಲಿನ ಹಾಳೆಯಿಂದ ಕೆಳಗಿನ ಸಾಲಿಗೆ, ಜೋಡಣೆಯ ತಗ್ಗನ್ನು ದಾಟುತ್ತ, ಕಡಿಯದೆ ಇಳಿದಿತ್ತು. ವಾರ್ನಿಷ್ ಅದರ ಮೇಲೆ ಕೂತಿತ್ತು. ಅಂದರೆ ಹಾಳೆಗಳು ಮೊದಲು ಜೋಡಣೆಯಾಗಿ, ಆಮೇಲೆ ಬರಹವಾಗಿ, ಆಮೇಲೆ ವಾರ್ನಿಷ್ ಬಿದ್ದಿದೆ. ಕೆಲಸದ ಕಚೇರಿಯೊಂದರಲ್ಲಿ ಹಳೆಯ ನಕ್ಷೆಗೆ ಹೊಸ ಕೋಷ್ಟಕ ಅಂಟಿಸಿ ಬಳಸುತ್ತಿದ್ದರೆಂದು ಓದುವುದೇ ಇದಕ್ಕೆ ಸರಳವಾದ ಅರ್ಥ. ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಹಳೆ ಗ್ರಾಮನಕ್ಷೆಗೆ ಹೊಸ ಚೀಟಿ ಅಂಟಿಸಿದ್ದನ್ನು ಅವರು ಸೇವೆಯುದ್ದಕ್ಕೂ ನೋಡಿದ್ದರು.

ಕಳಚುವ ಸಲಹೆ ಅಲ್ಲಿಗೆ ಬಿತ್ತು. ಬೆರಕೆ ಎಂದು ಕರೆದದ್ದು ವಾಸ್ತವದಲ್ಲಿ ಆ ವಸ್ತುವಿನ ಬಳಕೆಯ ಚರಿತ್ರೆಯೇ ಆಗಿತ್ತು, ಅದನ್ನು ಬಿಡಿಸಿದರೆ ಎರಡು ಸಾಧಾರಣ ತುಂಡುಗಳು ಉಳಿಯುತ್ತಿದ್ದವು ಎಂಬುದು ನನ್ನ ಅಭಿಪ್ರಾಯ. ವ್ಯಾಪಾರಿಗಳು ಇದನ್ನು ಒಪ್ಪಲಿಕ್ಕಿಲ್ಲ, ಮಾರುಕಟ್ಟೆಯ ಲೆಕ್ಕದಲ್ಲಿ ಅವರ ಮಾತು ತಪ್ಪೂ ಅಲ್ಲ.

ಚಿಕಿತ್ಸೆಯ ಮಟ್ಟಿಗೆ ಪ್ರತಿಯೊಂದಕ್ಕೂ ಅಂಚಿನಲ್ಲಿ ಸಣ್ಣ ಪರೀಕ್ಷೆ ಮಾಡಿ ಮುಂದುವರಿದೆವು. ಅರಳೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಲಾಂಛನದ ಕೆಂಪಿನ ತುದಿಗೆ ಮುಟ್ಟಿಸಿದ ಕೂಡಲೆ ಅರಳೆ ಗುಲಾಬಿಯಾಯಿತು. ತೊಳೆಯುವ ಪ್ರಸ್ತಾಪಕ್ಕೆ ಅದೊಂದೇ ಸಾಕಿತ್ತು. ಹಸಿರಿನ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು: ಕಿಲುಬಿನ ಬಣ್ಣದಲ್ಲಿರುವ ತಾಮ್ರ ಕಾಗದದ ನಾರನ್ನು ಶಿಥಿಲಗೊಳಿಸುತ್ತದೆ, ನೀರು ತಾಗಿದರೆ ಅದು ಕರಗಿ ಈವರೆಗೆ ಚೆನ್ನಾಗಿದ್ದ ಅಕ್ಕಪಕ್ಕದ ಕಾಗದಕ್ಕೂ ಹರಡಬಹುದು. ವಾರ್ನಿಷ್ ತೆಗೆಯಲು ಆಲ್ಕೋಹಾಲ್ ಪರೀಕ್ಷೆ ಮಾಡಿದಾಗ ಕಂದು ಚೆನ್ನಾಗಿಯೇ ಬಿಟ್ಟಿತು, ಆದರೆ ಅದರ ಜೊತೆಗೆ ಕೆಂಪೂ ಮೆತ್ತಗಾಗತೊಡಗಿತು. ಅದರ ಕೆಳಗಿನ ಸೀಸದ ಬರಹ ಉಳಿದೀತೆಂಬ ಭರವಸೆಯೂ ಇರಲಿಲ್ಲ. ವಾರ್ನಿಷನ್ನು ಹಾಗೆಯೇ ಬಿಟ್ಟೆವು. ನೋಡುವವರ ಕಣ್ಣಿಗೆ ನಕ್ಷೆ ಇಂದಿಗೂ ಚಹಾದ ಬಣ್ಣದಲ್ಲಿದೆ, ಗಂಡನಿಗೆ ಈ ಬಗ್ಗೆ ಸಮಾಧಾನವಿಲ್ಲ.

ಮಾಡಿದ್ದು ಇಷ್ಟು. ಆಮ್ಲ ಬಿಡುವ ಮರದ ಹಲಗೆಯಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತು ನಕ್ಷೆಯನ್ನು ಬಿಡಿಸಿದೆವು. ಹಿಂದಿನ ಬಟ್ಟೆ ಗಟ್ಟಿಯಾಗಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಸೀಸದ ಬರಹ ಎಲ್ಲೆಲ್ಲಿದೆ ಎಂದು ಮೊದಲೇ ಗುರುತಿಸಿ, ಆ ಜಾಗಗಳನ್ನು ಬಿಟ್ಟು, ಮೆತ್ತನೆಯ ಕುಂಚ ಮತ್ತು ರಬ್ಬರ್ ಸ್ಪಂಜಿನಿಂದ ಧೂಳು ತೆಗೆದೆವು. ಹರಿದ ಕಡೆ ಜಪಾನಿ ಕಾಗದದ ತೆಳುಪಟ್ಟಿ ಮತ್ತು ಗೋಧಿ ಗಂಜಿಯಿಂದ ಅಂಟಿಸಿದೆವು. ಹಸಿರು ಸುಟ್ಟ ಬಿರುಕುಗಳ ಮೇಲೆ ಮಾತ್ರ ಮೊದಲೇ ಜೆಲಟಿನ್ ಬಳಿದು ಒಣಗಿಸಿಟ್ಟ ಪಟ್ಟಿಯನ್ನು, ಒದ್ದೆಯ ಸುಳಿವಷ್ಟೇ ಕೊಟ್ಟು, ಒತ್ತಿದೆವು. ಈ ಕೊನೆಯ ಕೆಲಸಕ್ಕೆ ಹಿಡಿದ ಸಮಯ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು. ಅಂಚನ್ನು ಎಲ್ಲೂ ಕತ್ತರಿಸಲಿಲ್ಲ, ಈಚೆಗೆ ಬಳಿದ ಹಸಿರನ್ನು ತೆಗೆಯಲೂ ಇಲ್ಲ.

ಫಲಿತಾಂಶ

ವಿವರಗಳನ್ನು ಕಳಿಸಿದ ಮೇಲೆ ಹರಾಜು ಸಂಸ್ಥೆ ತನ್ನ ಅಂದಾಜನ್ನು ಬಹಳಷ್ಟು ಇಳಿಸಿತು. ಬೆಲೆ ಇಳಿಯಿತೆಂಬ ಕಾರಣಕ್ಕೆ ಪರಿಶೀಲನೆ ನಷ್ಟವಾಯಿತೇ ಎಂಬ ಪ್ರಶ್ನೆ ಕುಟುಂಬದಲ್ಲಿ ನಡೆದದ್ದುಂಟು. ನನ್ನ ದೃಷ್ಟಿಯಲ್ಲಿ ಮೊದಲ ಅಂದಾಜಿಗೆ ಆಧಾರವಿದ್ದದ್ದು ಒಂದು ಇಸವಿ ಮಾತ್ರ. ಕೊಂಡವರು ಮುಂದೊಂದು ದಿನ ಸಿಂಹದ ಬಾಲವನ್ನು ಕಂಡಿದ್ದರೆ ತಗಾದೆ ಮಾರಿದವರ ಮನೆಬಾಗಿಲಿಗೇ ಬರುತ್ತಿತ್ತು.

ಇನ್ನೊಂದು ಕಡೆಯಿಂದ ಆಸಕ್ತಿ ಬಂತು. ಆ ಪ್ರದೇಶದ ದಾಖಲೆಗಳ ಭಂಡಾರದಲ್ಲಿ ಅದೇ ನಕ್ಷೆಯ ಪ್ರತಿಯಿತ್ತು, ಬಣ್ಣವಿಲ್ಲದೆ, ಸ್ವಚ್ಛವಾಗಿ, ಅಂಚು ಕತ್ತರಿಸಿದ ಸ್ಥಿತಿಯಲ್ಲಿ. ಮೊದಲ ಆವೃತ್ತಿ ಅವರಿಗೆ ಹೊಸದಲ್ಲ, ನಂತರದ ಕೋಷ್ಟಕವೂ ಹೊಸದಲ್ಲ. ಎರಡನ್ನೂ ಅಂಟಿಸಿ 19ನೇ ಶತಮಾನದಲ್ಲಿ ಬಳಸಿದ ಪ್ರತಿ ಮಾತ್ರ ಅವರಲ್ಲಿರಲಿಲ್ಲ. ಅವರು ಕೇಳಿದ್ದು ಸೀಸದ ಬರಹ ಓದಲಾಗುವಂತೆ ಓರೆಬೆಳಕಿನಲ್ಲಿ ತೆಗೆದ ಛಾಯಾಚಿತ್ರಗಳನ್ನು. ಅವನ್ನು ಕೊಡಲಾಯಿತು. ಹಳೆಯ ತುಂಡುಗಳ ಗೆರೆಗಳನ್ನು ಇಂದಿನ ಕಡಾಸ್ಟರ್ ನಕ್ಷೆಯ ಮೇಲೆ ಕಂಪ್ಯೂಟರಿನಲ್ಲಿ ಇಟ್ಟು ನೋಡಿದಾಗ ಮುಖ್ಯ ಕಾಲುವೆ, ರಸ್ತೆಗಳು ಬಹುತೇಕ ಒಂದರ ಮೇಲೊಂದು ಕೂತವು. ಬೇಮ್‌ಸ್ಟರಿನಲ್ಲೂ ಹೀಗೆಯೇ, 17ನೇ ಶತಮಾನದ ಆ ಚೌಕಜಾಲ ಉಳಿದುಕೊಂಡಿದೆ ಎಂಬ ಕಾರಣಕ್ಕೂ ಯುನೆಸ್ಕೋ 1999ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ವಸ್ತು ಇನ್ನೊಬ್ಬರ ಕೈಗೆ ಬಂದಾಗ ಈ ಪ್ರಕರಣದಿಂದ ಎತ್ತಿಕೊಳ್ಳಬಹುದಾದ ಕ್ರಮ ಇದು: ಇಸವಿಯನ್ನು ಕೊನೆಗೆ ಓದಿ, ಮೊದಲು ಅಂಕಿಗಳನ್ನು ಕೂಡಿ, ಕೋಷ್ಟಕ ನಕ್ಷೆಗೆ ಹೊಂದುತ್ತದೆಯೇ ನೋಡಿ. ಅಲಂಕಾರವೆಂದು ಬದಿಗಿಡುವ ಲಾಂಛನಗಳು ಹೆಸರು ಮತ್ತು ಅಧಿಕಾರಾವಧಿ ಇದ್ದ ಜನರವು, ಆದ್ದರಿಂದ ಕಾಲನಿರ್ಣಯಕ್ಕೆ ಕಾಗದದಷ್ಟೇ ಉಪಯುಕ್ತ. ಪ್ರತಿ ಜೋಡಣೆಯನ್ನೂ ದಾಟುವ ಗೆರೆ ಯಾವುದು, ದಾಟದೆ ನಿಲ್ಲುವುದು ಯಾವುದು ಎಂದು ಗಮನಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುತ್ತದೆ. ಹಸಿರಿನ ಬೆನ್ನಿನಲ್ಲಿ ಕಂದು ಕಂಡರೆ ನೀರನ್ನು ದೂರವಿಡಿ. ಇದಕ್ಕೆಲ್ಲ ಪ್ರಯೋಗಾಲಯ ಬೇಕಾಗಲಿಲ್ಲ. ಭೂತಗನ್ನಡಿ, ಓರೆಯಾಗಿ ಹಿಡಿದ ದೀಪ, ಅರಳೆ ಮತ್ತು ಲೆಕ್ಕ ಕೂಡುವ ತಾಳ್ಮೆಯಿದ್ದ ಒಬ್ಬ ಮೋಜಣಿದಾರರು ಸಾಕಾದರು.

ನಕ್ಷೆ ಸದ್ಯಕ್ಕೆ ಮನೆಯಲ್ಲೇ ಇದೆ. ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಹಾಳೆಯ ಹಿಂದೆ, ಅದು ನಕ್ಷೆಯ ಮೈಗೆ ತಾಗದಂತೆ ನಡುವೆ ಅಂತರ ಬಿಟ್ಟು, ಕಿಟಕಿಗೆ ಎದುರಲ್ಲದ, ಹೀಟರಿನಿಂದ ದೂರದ ಒಳಗೋಡೆಗೆ ಹಾಕಲಾಗಿದೆ. ಬೆಳಕು ಮಂದವಾಗಿ, 50 ಲಕ್ಸ್ ಸುತ್ತಮುತ್ತ ಇರುವಂತೆ ದೀಪ ಹೊಂದಿಸಲಾಗಿದೆ. ಚೌಕಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮೇಲಿನ ಆರು ಹಾಳೆ ಮತ್ತು ಕೆಳಗಿನ ಮೂರು ಹಾಳೆಗಳ ಕಾಲವನ್ನು ಬೇರೆಬೇರೆಯಾಗಿ ಬರೆದು, ಜೋಡಣೆಯನ್ನು ಬಿಡಿಸಬಾರದೆಂಬ ಶಿಫಾರಸನ್ನು ಸೇರಿಸಿದ್ದೇವೆ. ಹಸಿರು ಬಿರುಕುಗಳು ಮುಂದುವರಿಯುತ್ತಿವೆಯೇ ಎಂದು ತಿಳಿಯಲು ಅವುಗಳ ಸಮೀಪಚಿತ್ರಗಳನ್ನು ಅಳತೆಪಟ್ಟಿಯೊಂದಿಗೆ ತೆಗೆದಿಟ್ಟಿದೆ. ಅವನ್ನು ಹೋಲಿಸಿ ನೋಡಿದ ಮೇಲಷ್ಟೇ ವಾರ್ನಿಷಿನ ವಿಚಾರವನ್ನು ಮತ್ತೆ ಎತ್ತಿಕೊಳ್ಳುವುದೆಂದು, ಮಾರುವ ಮಾತನ್ನೂ ಅಲ್ಲಿಯವರೆಗೆ ಮುಂದೂಡುವುದೆಂದು ದಂಪತಿಗಳು ನಿರ್ಧರಿಸಿದ್ದಾರೆ.